ಲುಕೇರಿಯಾಳ ಅಳತೆಕೋಲು

ಲೊವಾತ್ ನದಿ ಇಲ್ಮೆನ್ ಸರೋವರ ಸೇರುವ ಮುಂಚಿನ ಕೊನೆಯ ಹಳ್ಳಿ ನಮ್ಮದು. ನೆಲ ಎಷ್ಟು ಸಮತಟ್ಟೆಂದರೆ, ಬಡಗಣ ಗಾಳಿ ಜೋರಾದ ದಿನ ಸರೋವರದ ನೀರು ನದಿಯೊಳಗೇ ಹಿಂದಕ್ಕೆ ಬರುತ್ತದೆ. ಪ್ರತಿ ವಸಂತದಲ್ಲೂ ನೆರೆ ನಮ್ಮ ಮೆಟ್ಟಿಲು ಹತ್ತುವುದರಿಂದ ಸತ್ತವರನ್ನು ಆಚೆ ದಡದ ಮರಳುದಿಬ್ಬದಲ್ಲಿ ಹೂಳುತ್ತೇವೆ. ಸೇತುವೆಯಿಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಮಂಜುಗಡ್ಡೆ. ಎರಡರ ನಡುವಿನ ಮೂರು ವಾರ ಯಾರೂ ಸಾಯಬಾರದು.

ಆ ಮೂರು ವಾರ ಯಾವಾಗ ಶುರು ಎಂದು ಹೇಳುತ್ತಿದ್ದವಳು ಲುಕೇರಿಯಾ. ನದಿಯ ಅಳತೆ ಬರೆಯುವುದು ಅವಳ ಸರ್ಕಾರಿ ಕೆಲಸ. ಇಪ್ಪತ್ತಾರು ವರ್ಷ, ದಿನಾ ಬೆಳಗ್ಗೆ ಎಂಟಕ್ಕೆ, ಬೇಸಿಗೆಯಲ್ಲಿ ದಡದ ಅಳತೆಗಂಬ ನೋಡಿ ನೀರಿನ ಮಟ್ಟ. ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು, ಕೊಕ್ಕೆಯ ಕೋಲು ಇಳಿಬಿಟ್ಟು, ಅದರ ದಪ್ಪ. ಶವಪೆಟ್ಟಿಗೆಯ ಜಾರುಬಂಡಿ ದಾಟಬೇಕಾದರೆ ಇಪ್ಪತ್ತು ಸೆಂಟಿಮೀಟರ್ ಇರಬೇಕು. ಅವಳು ಹೂಂ ಎಂದರೆ ಹೊರಡುವುದು.

ಒಂದು ಏಪ್ರಿಲಿನಲ್ಲಿ ಪಕ್ಕದ ಮನೆಯ ಅನ್ಫೀಸಾಳ ಗಂಡ ತಿಖೋನ್ ತೀರಿಕೊಂಡಾಗ ಮಂಜುಗಡ್ಡೆಯ ದಪ್ಪ ಹತ್ತೊಂಬತ್ತಿತ್ತು.

“ಬೆರಳಗಲ ಕಣೇ ಲುಕೇರಿಯಾ,” ಎಂದು ಅನ್ಫೀಸಾ ಕೈ ಹಿಡಿದಳು.

“ಬೆರಳಗಲಕ್ಕೇ ಮುಳುಗೋದು.”

ತಿಖೋನ್ ಬಲೆ ಇಡುವ ಕೊಟ್ಟಿಗೆಯಲ್ಲಿ ಇಪ್ಪತ್ತೆರಡು ದಿನ ಕಾದ. ಅನ್ಫೀಸಾ ಇಲಿ ಓಡಿಸಲು ಪೊರಕೆ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅದರಲ್ಲಿ ಮೊದಲ ಒಂಬತ್ತು ದಿನ ಮಂಜುಗಡ್ಡೆ ಒಡೆಯದೆ ನಿಂತಿತ್ತು.

ಮರುವರ್ಷ ಏಪ್ರಿಲಿನಲ್ಲೇ ಲುಕೇರಿಯಾಳ ಗಂಡ ಆರ್ಸೇನಿ ಸತ್ತ. ಮೈದುನ ಸವೇಲಿ ಜಾರುಬಂಡಿಯನ್ನು ದಡಕ್ಕೆ ಎಳೆತಂದ. ಅವಳು ಕೊರೆದು ಅಳೆದಳು. ನಾಲ್ಕು ಹೆಜ್ಜೆ ಸರಿದು ಮತ್ತೆ ಕೊರೆದಳು.

“ಎಷ್ಟು, ಅತ್ತಿಗೆ?”

ಅವಳು ಬಲೆಗಳ ಕೊಟ್ಟಿಗೆಯತ್ತ ನೋಡಿದಳು.

“ಇಪ್ಪತ್ತು. ನಡೀರಿ.”

ಮಂಜುಗಡ್ಡೆ ಕಿರುಗುಟ್ಟಿತು, ಒಡೆಯಲಿಲ್ಲ. ಆರ್ಸೇನಿಯನ್ನು ಹೂಳಿ, ಜೇನು ಬೆರೆಸಿದ ಗೋಧಿಯ ಕುತ್ಯಾ ಒಂದೊಂದು ಚಮಚ ತಿಂದು ಎಲ್ಲರೂ ಮರಳುವಾಗ, ಅಳತೆಗೆ ಕೊರೆದಿದ್ದ ಗುಂಡಿಯ ಬಳಿ ಅನ್ಫೀಸಾ ಮಂಡಿಯೂರಿದ್ದಳು. ಲುಕೇರಿಯಾ ಬಿಟ್ಟುಹೋಗಿದ್ದ ಕೋಲು ಅವಳ ಕೈಯಲ್ಲಿತ್ತು.

“ಹದಿನೆಂಟು,” ಎಂದಳು.

“ದಾಟಿ ಬಂದ್ವಲ್ಲ, ಬಿಡು ಅನ್ಫೀಸಕ್ಕ,” ಎಂದ ಸವೇಲಿ.

“ನನ್ನವನೂ ದಾಟ್ತಿದ್ದ ಕಣೋ.”

ಕೋಲನ್ನು ಒರೆಸಿ ಲುಕೇರಿಯಾಳ ಕೈಗಿಟ್ಟು ಹೋದಳು.

ಅಳತೆ ಪುಸ್ತಕದ ಆ ದಿನದ ಪುಟದಲ್ಲಿ ಲುಕೇರಿಯಾ ಹದಿನೆಂಟು ಎಂದೇ ಬರೆದಳು. ಪುಸ್ತಕಕ್ಕೆ ಅವಳು ಯಾವತ್ತೂ ಸುಳ್ಳು ಹೇಳಿರಲಿಲ್ಲ.

ಮುಂದಿನ ವಸಂತದಲ್ಲಿ ಅವಳನ್ನು ಕೇಳಲು ಯಾರೂ ಬರಲಿಲ್ಲ. ಒಂದು ಬೆಳಗ್ಗೆ ಅನ್ಫೀಸಾ ತಿಖೋನನ ಸಮಾಧಿಗೆಂದು ಮಾಡಿಸಿದ ಮರದ ಶಿಲುಬೆಯನ್ನು ಪುಟ್ಟ ಜಾರುಬಂಡಿಗೆ ಕಟ್ಟಿ ನದಿಗಿಳಿದಳು. ಲುಕೇರಿಯಾ ಆಗಷ್ಟೇ ಅಳೆದು ಮನೆ ಸೇರಿದ್ದಳು. ಕಂಡವಳೇ ಬರಿಗಾಲಲ್ಲಿ ಓಡಿದಳು.

“ಅನ್ಫೀಸಾ! ಆರು ಕಣೇ! ಆರೇ ಆರು!”

“ಇಪ್ಪತ್ತು ಅಂತ ಹೇಳು,” ಎಂದಳು ಅನ್ಫೀಸಾ, ತಿರುಗಿ ನೋಡದೆ. ಹಗ್ಗವನ್ನು ಹೆಗಲಿಗೇರಿಸಿ ನಡೆದಳು. ನಡು ನದಿಯವರೆಗೂ ನಡೆದಳು.

ಅವಳು ಸಿಗಲೇ ಇಲ್ಲ. ಶಿಲುಬೆ ಮೇ ತಿಂಗಳಲ್ಲಿ, ಬಡಗಣ ಗಾಳಿ ಬೀಸಿದ ದಿನ, ನಮ್ಮ ದಡಕ್ಕೇ ಹಿಂದಕ್ಕೆ ಬಂತು. ಎಂಟಕ್ಕೆ ಲುಕೇರಿಯಾ ನೀರಿನ ಮಟ್ಟ ನೋಡಲು ಬಂದಾಗ ಅದು ಅಳತೆಗಂಬಕ್ಕೆ ಒರಗಿಕೊಂಡಿತ್ತು. ಸರಿಸದೆ ಅಂಕಿ ಕಾಣುವಂತಿರಲಿಲ್ಲ. ಸರಿಸಿ, ಬರೆದುಕೊಂಡಳು.