ಕೆಟ್ಟ ಎರಕದ ಮೇಜು

ಮಿರಜದ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಭಟ್ಟಿಯಿಂದ ಇಳಿಯುವಾಗ, ಮುಳುಗುವ ಸೂರ್ಯನನ್ನೇ ಯಾರೋ ಬಗ್ಗಿಸಿ ಸುರಿದಂತೆ ಭಾಗ್ಯಾಳಿಗೆ ಕಾಣುತ್ತಿತ್ತು. ಆ ಬೆಳಕು ಅಚ್ಚಿನೊಳಗೆ ಮರೆಯಾಗುವವರೆಗೆ ಅವಳು ಕದಲುತ್ತಿರಲಿಲ್ಲ. ಅಚ್ಚಿನ ಮರಳನ್ನು ಹದ ಮಾಡುವವಳು ಅವಳೇ. ಮುಷ್ಟಿಯಲ್ಲಿ ಹಿಂಡಿ ಅವಳು ಹೂಂ ಅಂದ ಮೇಲೆಯೇ ಅಚ್ಚು ಕಟ್ಟುತ್ತಿದ್ದರು.

ಈ ಬೇಸಿಗೆಯಲ್ಲಿ ಕೆಲಸ ಹೆಚ್ಚಿತು. ಪಂಪಿನ ಹೊರಕವಚಗಳು, ಅಂದರೆ ಕೇಸಿಂಗುಗಳು, ಮೈತುಂಬ ತೂತಾಗಿ ವಾಪಸು ಬರತೊಡಗಿದವು. ಮಾಲಕ ನೀಲೇಶ ಬೈಯಲಿಲ್ಲ. ಮುಂದಿನ ಮಾಲೂ ಹೀಗೇ ಆದರೆ ಮರಳಿಗೆ ಬೇರೆಯವರನ್ನು ಇಡಬೇಕಾಗುತ್ತದೆ ಎಂದಷ್ಟೇ ಹೇಳಿದ. ಅವಳಿಗೆ ಬೇರೆ ಕೆಲಸ ಬೇಕಿರಲಿಲ್ಲ. ಮಗಳು ಸಾಯಲಿಯ ಬೆನ್ನು ತಟ್ಟಿ ಮಲಗಿಸುವಾಗಲೂ ಅಂಗೈ ಮರಳಿನ ಹದವನ್ನೇ ಹುಡುಕುತ್ತಿತ್ತು.

ಲೋಹ ಎಂಜಿನಿಯರುಗಳ ಸಂಘ ಶನಿವಾರ ಸಂಜೆ ಸೇರುತ್ತದೆ. ಅಲ್ಲೊಂದು ಪದ್ಧತಿ: ಪ್ರತಿ ಫೌಂಡ್ರಿಯವರೂ ತಮ್ಮ ಕೆಟ್ಟ ಎರಕವೊಂದನ್ನು ತಂದು, ಅದರ ಮೇಲಿನ ಫೌಂಡ್ರಿಯ ಹೆಸರಿಗೆ ಕಾಗದ ಅಂಟಿಸಿ ಮೇಜಿನ ಮೇಲಿಡಬೇಕು. ಯಾರದೆಂದು ಕೇಳುವಂತಿಲ್ಲ. ನೀಲೇಶ ತೂತಾದ ಕೇಸಿಂಗೊಂದನ್ನು ಹಿಡಿದು, ಭಾಗ್ಯಾಳನ್ನೂ ಕರೆದೊಯ್ದ.

ಸಂಘದ ಹಿರಿಯ ಎಂಜಿನಿಯರ್ ಪಾರಿಸಕಾಕಾ ಆ ಕೇಸಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಉಗಿಯ ಕೆಲಸ, ಬಿಸಿ ಮರಳನ್ನು ಆರಿಸದೆ ಕಲಸಿರಬೇಕು ಅಂದರು. ಕೆಲಸ ಹೆಚ್ಚಿದಾಗಿನಿಂದ ಒಡೆದ ಅಚ್ಚಿನ ಮರಳನ್ನು ಭಾಗ್ಯಾ ಬಿಸಿಬಿಸಿಯಾಗಿಯೇ ಮತ್ತೆ ಕಲಸುತ್ತಿದ್ದಳು, ಹಾಗೆ ಮಾಡಿದರೆ ಒಳ್ಳೆಯದೆಂದೇ. ಸುಮ್ಮನಿರಬಹುದಿತ್ತು, ಹೆಸರು ಕಾಗದದ ಕೆಳಗಿತ್ತು. ಆದರೆ ತಿಳಿಯದೆ ಮನೆಗೆ ಹೋಗುವುದು ಹೇಗೆ?

"ಕಾಕಾ, ಕುದಿಯೋ ನೀರ ಹಾಕಿದ್ರ ಜ್ವಾಳದ ಹಿಟ್ಟಿಗಿ ಜಿಗಿ ಬರ್ತದಲ್ರಿ. ಮರಳಿಗ್ಯಾಕ ಬರಂಗಿಲ್ರಿ?"

ನಗು ಎದ್ದಿತು. ಪಕ್ಕದ ಫೌಂಡ್ರಿಯ ಧೀರಜ, "ನೀಲೇಶ, ನಿನ್ನ ಪಂಪಿನಾಗ ನೀರ ಬ್ಯಾಡಪಾ, ಪಲ್ಯಾ ತುಂಬ್ಸು" ಅಂದ. ನೀಲೇಶ ತಲೆ ತಗ್ಗಿಸಿದ. ಕಾಕಾ ನಗಲಿಲ್ಲ.

"ರೊಟ್ಟಿ ಹಂಚಿನ ಮ್ಯಾಲ ಉಬ್ಬಿ ಉಸರ ಬಿಡ್ತದ, ಯವ್ವಾ. ಕಬ್ಬಿಣಕ್ಕ ಉಬ್ಬಾಕ ಬರಂಗಿಲ್ಲ. ಉಸರ ಒಳಗ ಸಿಕ್ಕು ತೂತಾಗಿ ಉಳೀತದ."

ಬಿಸಿ ಮರಳಿನ ಹಬೆ ಅಚ್ಚಿನ ತಣ್ಣನೆಯ ಭಾಗಕ್ಕೆ ಬೆವರಿನಂತೆ ಕೂರುವುದನ್ನೂ ಅವರು ಬಿಡಿಸಿ ಹೇಳಿದರು. ಚೇಷ್ಟೆ ಮಾಡಿದ ಧೀರಜನೇ ಆಮೇಲೆ ಭಾಗ್ಯಾಳ ಹತ್ತಿರ ಬಂದು, ಹೋದ ವರ್ಷ ತನ್ನದೂ ಇದೇ ಗೋಳಾಗಿತ್ತು, ಮರಳು ಆರಿಸುವ ಬಗೆಯನ್ನು ತನ್ನಲ್ಲಿಗೇ ಬಂದು ನೋಡಲಿ ಅಂದ. ಸಂಘದವರು ಮರಳಿನ ಬಿಸಿ ಅಳೆಯುವ ಉಪಕರಣವನ್ನು ಅವಳ ಕೈಗೆ ಕೊಟ್ಟು ಕಳಿಸಿದರು.

ಆರಿಸಿದ ಮರಳಿನ ಅಚ್ಚಿನಲ್ಲಿ ಮುಂದಿನ ಮಾಲು ಎರೆದ ಮರುದಿನ ನೀಲೇಶ ಒಂದು ಕೇಸಿಂಗನ್ನು ಕೊಯ್ಯಿಸಿದ. ಗರಗಸ ನಿಂತೊಡನೆ ಭಾಗ್ಯಾ ಬಾಗಿ ನೋಡಿದಳು. ಕೊಯ್ದ ಮೈ ಗಾಳಿಯಿಲ್ಲದ ಹೊತ್ತಿನ ಕೃಷ್ಣೆಯಂತೆ ಬೂದುಬಣ್ಣಕ್ಕೆ ನುಣ್ಣಗಿತ್ತು. ಒಂದು ಚುಕ್ಕೆಯೂ ಇಲ್ಲ.

ನೀಲೇಶ ಅದರ ಮೇಲೆ ಬೆರಳಾಡಿಸಿದ. "ಮರಳ ನೀನ ನೋಡ್ಕೊ, ಭಾಗ್ಯಾ."

ಅವಳು ಹೂಂ ಅಂದು ಹೊರಗೆ ಬಂದಳು. ಹರವಿದ ಮರಳಿನಿಂದ ಇನ್ನೂ ತೆಳುವಾಗಿ ಹಬೆ ಏಳುತ್ತಿತ್ತು. ನೆರಳಿನಲ್ಲಿ ಕುಳಿತು, ಅದು ಆರುವುದನ್ನೇ ನೋಡುತ್ತ ಕಾದಳು.