ಗೇಟಿನಲ್ಲಿ ಉಳಿದ ಗಿಳಿ

ಇಬ್ರಾಹಿಂಪಟ್ನಂನ ವಿದ್ಯುತ್ ಕಂಪನಿಯ ಕ್ವಾರ್ಟರ್ಸ್ ಖಾಲಿ ಮಾಡಿ ವಿಶಾಖಪಟ್ಟಣಕ್ಕೆ ಹೊರಟ ದಿನ ನಮ್ಮ ಸಾಮಾನಿನ ಲಾರಿಯನ್ನು ಗೇಟಿನ ಸೆಕ್ಯೂರಿಟಿಯವರು ನಿಲ್ಲಿಸಿದರು. ಸೋಫಾ, ಫ್ರಿಜ್ಜು ಯಾವುದನ್ನೂ ನೋಡಲಿಲ್ಲ. ಅವರ ಕಣ್ಣು ಬಿದ್ದದ್ದು ನನ್ನ ದೊಡ್ಡಪತ್ರೆ ಗಿಡದ ಕುಂಡದ ಮೇಲೆ.

ಅದು ಮೊದಲು ಸ್ವಿಚ್‌ಯಾರ್ಡಿನ ಹಿಂದೆ ಒಡೆದು ಬಿದ್ದಿದ್ದ, ಕರೆಂಟು ತಂತಿಗೆ ಆಸರೆ ಕೊಡುವ ಪಿಂಗಾಣಿ ಇನ್ಸುಲೇಟರ್. ಒಳಗೆ ಟೊಳ್ಳು. ತಳಕ್ಕೆ ಸಿಮೆಂಟು ಮೆತ್ತಿ, ನೀರು ಬಸಿಯಲು ತೂತು ಬಿಟ್ಟು, ಹಳದಿ ಬಳಿದು, ಮೇಲೊಂದು ಗಿಳಿ ಬರೆದಿದ್ದೆ.

ಅವರು ಉಗುರಿನಿಂದ ಬಣ್ಣ ಕೆರೆದರು. ಕಂದು ಪಿಂಗಾಣಿ ಕಂಡಿತು.

“ಸಾರ್, ಇದು ಕಂಪನಿಯದ್ದು ಕದಾ?” ಎಂದು ತೆಲುಗು ಬೆರೆಸಿ ಕೇಳಿದರು.

“ಎಸೆದಿದ್ದರು ಕಣ್ರೀ, ಎತ್ಕೊಂಡೆ.”

“ಎಸೆದದ್ದೂ ಕಂಪನಿಯದ್ದೇ ಸಾರ್. ಗಿಡ ನಿಮ್ಮದು, ತಗೊಂಡು ಹೋಗಿ.”

ಹೆಂಡತಿ ಲಾರಿಯಿಂದ ಬಕೆಟ್ ಇಳಿಸಿದಳು. ಗಿಡವನ್ನು ಬೇರು ಸಮೇತ ಅದಕ್ಕೆ ದಾಟಿಸಿದೆವು.

ಆರು ತಿಂಗಳಾದ ಮೇಲೆ ಯಾವುದೋ ಕಾಗದಕ್ಕೆಂದು ಅಲ್ಲಿಗೆ ಹೋದೆ. ಗೇಟಿನ ಮೇಜಿನ ಪಕ್ಕ ನನ್ನ ಕುಂಡ, ಅದರಲ್ಲಿ ಮನಿಪ್ಲಾಂಟ್. ಗಿಳಿಯ ಹೊಟ್ಟೆಯ ಮೇಲೆ, ಅಲ್ಲಿನ ಕುರ್ಚಿ ಬೀರುಗಳ ಮೇಲಿರುವಂತೆಯೇ, ಬಿಳಿ ಬಣ್ಣದಲ್ಲಿ ಕಂಪನಿಯ ಆಸ್ತಿ ನಂಬರು ಬರೆದಿದ್ದರು. ನಿಜ ಹೇಳಬೇಕೆಂದರೆ, ನನ್ನ ಗಿಳಿಗಿಂತ ಆ ನಂಬರೇ ನೀಟಾಗಿ ಬಂದಿತ್ತು.