ಕಳಿಸಿಕೊಡಲು ನಾನೇನು ಪಾರ್ಸೆಲ್ಲೇ?

ಕಳೆದ ವಾರ ಇಟ್ಟಮಡುವಿನ ಧ್ಯಾನಕೇಂದ್ರವೊಂದರ ಗೇಟಿನೊಳಗೆ ನಾನು ಧರಣಿ ಕೂತೆ. ಗೇಟು ತೆರೆಯಲಿಲ್ಲ ಎಂದಲ್ಲ. ತೆರೆದರು ಎಂದು!

ಮೊದಲಿನಿಂದ ಹೇಳುತ್ತೇನೆ. ಒಂದು ವಾರದ ಮೌನ ಶಿಬಿರಕ್ಕೆ ನಾನಾಗಿಯೇ ಸೇರಿದ್ದೆ. ಅಲ್ಲೇ ಹತ್ತಿರದ ಶ್ರೀನಗರದ ನಮ್ಮ ಮನೆಯಲ್ಲಿ ಟಿವಿ, ಮಿಕ್ಸಿ, ಕಾಲಿಂಗ್ ಬೆಲ್ ಒಟ್ಟೊಟ್ಟಿಗೇ ಕೂಗುತ್ತವೆ. (ಜೊತೆಗೆ ಗಂಡ.) ಫೋನನ್ನು ಖುಷಿಯಿಂದಲೇ ಒಪ್ಪಿಸಿ ಒಳಗೆ ಹೋದೆ. ಮೊದಮೊದಲು ಸ್ವರ್ಗ. ಆಮೇಲೊಂದು ಬೆಳಿಗ್ಗೆ ಸಾಕೆನಿಸಿತು. ಬ್ಯಾಗು ಹಿಡಿದು ಹೊರಟೆ.

ಗೇಟಿನ ಬಳಿ ಬಿಳಿ ಜುಬ್ಬಾದ ಸ್ವಯಂಸೇವಕರೊಬ್ಬರು ತಡೆದರು.

"ಹುಷಾರಿಲ್ವಾ ಮೇಡಂ?"

"ಚೆನ್ನಾಗಿದೀನಿ ಸಾರ್. ಸಾಕಾಯ್ತು, ಮನೆಗೆ ಹೋಗ್ತೀನಿ."

"ಮಧ್ಯದಲ್ಲಿ ಎದ್ದು ಹೋಗ್ಬೇಕು ಅನ್ಸೋದು ಮನಸ್ಸಿನ ಆಟ. ಅದನ್ನ ಗೆಲ್ಬೇಕು."

ನೋಡಿ ಮಜಾ! ಇರುತ್ತೇನೆ ಎಂದರೆ ನನ್ನ ಸಂಕಲ್ಪ, ಹೋಗುತ್ತೇನೆ ಎಂದರೆ ಮನಸ್ಸಿನ ಆಟ. ಹಿಂದಿನ ದಿನವಷ್ಟೇ ಗಂಡಸೊಬ್ಬರು "ಆಫೀಸಲ್ಲಿ ಅರ್ಜೆಂಟು" ಎಂದು ಹೊರಟುಹೋಗಿದ್ದರು. ಅವರ ಮನಸ್ಸು ಆಟ ಆಡುವುದಿಲ್ಲವೇ? ಕೇಳಿಯೇಬಿಟ್ಟೆ. ಸ್ವಯಂಸೇವಕರು ನನ್ನ ಗಂಡನಿಗೆ ಫೋನ್ ಹಚ್ಚಿದರು. ಲೇಡೀಸ್ ಮಧ್ಯದಲ್ಲಿ ಹೊರಟರೆ ಮನೆಯವರನ್ನು ಕೇಳುವುದು ಅಲ್ಲಿಯ ಪದ್ಧತಿಯಂತೆ. ನನಗೆ ವಯಸ್ಸು ಐವತ್ತು ದಾಟಿದೆ, ಸ್ವಾಮಿ!

ಸ್ಪೀಕರಿನಲ್ಲಿ ನಮ್ಮವರ ದನಿ: "ಆಯ್ತು ಸಾರ್, ಕಳಿಸ್ಕೊಡಿ."

ತಕ್ಷಣ ಗೇಟು ತೆರೆಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಗೇಟು ಹಾಕಿ" ಎಂದೆ.

"ಪರ್ಮಿಷನ್ ಸಿಕ್ತಲ್ಲ ಮೇಡಂ?"

"ಅದಕ್ಕೇ ಹೋಗಲ್ಲ. ನಾನು ಹೋಗ್ತೀನಿ ಅಂದಿದ್ದಕ್ಕೆ ತೆಗೀರಿ. ಅಲ್ಲೀವರ್ಗೂ ಇಲ್ಲೇ ಇರ್ತೀನಿ."

ಬ್ಯಾಗಿನ ಮೇಲೆ ಕೂತೇಬಿಟ್ಟೆ. ಮೌನದಲ್ಲಿದ್ದವರೆಲ್ಲ ಕಿಟಕಿಗೆ ಬಂದರು. (ಧ್ಯಾನಕ್ಕಿಂತ ಇದು ಇಂಟರೆಸ್ಟಿಂಗ್, ಪಾಪ.)

ನಮ್ಮಜ್ಜಿ ದಿನಾ ಕೋಣೆಯ ಬಾಗಿಲು ಹಾಕಿಕೊಂಡು ಇಷ್ಟಲಿಂಗ ಪೂಜೆಗೆ ಕೂರುತ್ತಿದ್ದಳು. ಆ ಹೊತ್ತು ತಾತನೂ ಬಾಗಿಲು ತಟ್ಟುವಂತಿರಲಿಲ್ಲ. ಹಾಕುವವಳೂ ಅವಳೇ, ತೆಗೆಯುವವಳೂ ಅವಳೇ. ನನಗೆ ಗೊತ್ತಿರುವ ಏಕಾಂತ ಅದು. ಚಿಲಕ ಬೇರೆಯವರ ಕೈಯಲ್ಲಿದ್ದರೆ ಅದನ್ನು ಸಾಧನೆ ಎಂದು ಕರೆಯಲು ನಾನು ತಯಾರಿಲ್ಲ. ಹೊರಗಡೆ ಎಷ್ಟೇ ದೊಡ್ಡ ಓಂಕಾರ ಬರೆದಿರಲಿ.

ಕೊನೆಗೆ ಸ್ವಯಂಸೇವಕರೇ ಸೋತರು. ಗೇಟು ಹಾಕಿ, ಮುಖ ಗಂಟಿಕ್ಕಿಕೊಂಡು ಕೇಳಿದರು, "ಹೋಗ್ತೀರಾ ಮೇಡಂ?"

"ಹೋಗ್ತೀನಿ" ಎಂದೆ. ತೆಗೆದರು, ಫೋನೂ ಕೊಟ್ಟರು. ಆಟೋ ಹತ್ತದೆ ನಡೆದುಕೊಂಡೇ ಮನೆ ಸೇರಿದೆ.

ನಮ್ಮವರು ಬಾಗಿಲಲ್ಲೇ ರೇಗಿದರು: "ನಾನು ಕಳಿಸಿ ಅಂದಿದ್ನಲ್ಲ, ಸುಮ್ನೆ ಬರೋಕೇನಾಗಿತ್ತು ನಿಂಗೆ?"

"ಅದ್ಸರಿ ರೀ, ನೀವು 'ಬೇಡ, ಅಲ್ಲೇ ಇರ್ಲಿ' ಅಂದಿದ್ರೆ?"